ಹೊಳೆಯೊಳಗಿನ ದಾರಿ

"ಯವ್ವಾ, ನೀವು ಇಲ್ಲದ ಊರಾಗ ಒಂದು ಹುಡುಗಿ ಬಂದು ನನ್ನ ಏನರ ಕೇಳಿದ್ಲಂದ್ರ, ಆಗ ನಿಮ್ಮ ಮಾತು ನನಗ ನೆನಪಾಗದಿದ್ರ, ನಾ ಏನು ಹೇಳ್ಲಿ?"

ನಿಂಬವ್ವ ಹೀಗೆ ಕೇಳಿದಾಗ ಅವಳ ಗಂಟು ಕಟ್ಟಿ ಬಾಗಿಲ ಪಕ್ಕಕ್ಕೆ ಇಟ್ಟಾಗಿತ್ತು. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಆ ದಿನ ಅವಳು ಮಠ ಬಿಟ್ಟು ಬೇರೆ ಊರಿಗೆ ಹೋಗಬೇಕಿತ್ತು. ಅಲ್ಲಿನ ಹೆಣ್ಣುಮಕ್ಕಳಿಗೆ ಇನ್ನು ಅವಳೇ ಕಲಿಸುವವಳು.

ಕಲಿಸುವುದಕ್ಕೆ ಅವಳಲ್ಲಿ ಏನೂ ಕಡಿಮೆ ಇರಲಿಲ್ಲ. ಮಠದ ಗುರುತಾಯಿ ಆಡಿದ ಮಾತನ್ನೆಲ್ಲ ಅವಳು ಬಾಯಿಪಾಠ ಮಾಡಿದ್ದಳು. ಹೊಡೆಯುವ ಗಂಡನ ವಿಷಯಕ್ಕೆ ಗುರುತಾಯಿಯ ಮಾತು ಒಂದಿತ್ತು. ತುತ್ತು ಎಣಿಸುವ ಅತ್ತೆಯ ವಿಷಯಕ್ಕೂ ಒಂದಿತ್ತು. ಆದರೆ ಹಿಂದಿನ ಸಂತೆಯ ದಿನ ಆ ಊರಿನಿಂದ ಒಬ್ಬ ಹುಡುಗಿ ಬಂದಿದ್ದಳು. ಹೊಸದಾಗಿ ಮದುವೆಯಾದವಳು. "ನಮ್ಮ ಮನ್ಯಾಗ ಯಾರೂ ನನ್ನ ಬೈಯೂದಿಲ್ಲ, ಹೊಡಿಯೂದಿಲ್ಲ, ಎಲ್ಲಾರೂ ಅಕ್ಕರೆ ಮಾಡ್ತಾರ. ಆದ್ರೂ ನನಗ ಉಸಿರು ಕಟ್ಟತೈತಿ. ಯಾಕಕ್ಕಾ?" ಎಂದು ಕೇಳಿದ್ದಳು. ನಿಂಬವ್ವ ತನ್ನ ಬಾಯಿಪಾಠವನ್ನೆಲ್ಲ ಒಳಗೊಳಗೇ ತಡಕಾಡಿದಳು. ಅದಕ್ಕೆ ಹೊಂದುವ ಮಾತು ಒಂದೂ ಸಿಗಲಿಲ್ಲ. ನಿಮ್ಮೂರಿಗೆ ಬಂದಾಗ ಹೇಳ್ತೀನಿ ಎಂದು ಕಳಿಸಿಕೊಟ್ಟಳು. ಈಗ ಆ ಹುಡುಗಿ ಅಲ್ಲಿ ಕಾಯುತ್ತಿರುತ್ತಾಳೆ. ತಪ್ಪು ಹೇಳಿದರೆ ಅವಳ ಬಾಳು ಹಾಳು, ಹೇಳದೆ ಇದ್ದರೂ ಹಾಳು. ನಿಂಬವ್ವನಿಗೆ ಭಯವಾಗಿತ್ತು.

"ಉತ್ತರ ನೀವೇ ಹೇಳಿಬಿಡ್ರಿ. ಅದನ್ನೂ ಬಾಯಿಪಾಠ ಮಾಡ್ಕೊಂಡು ಹೋಗ್ತೀನಿ" ಎಂದಳು.

ಗುರುತಾಯಿ ಎಂದು ಎಲ್ಲರೂ ಕರೆಯುತ್ತಿದ್ದ ಆ ಮುದುಕಿ ಸಣ್ಣಗೆ ನಕ್ಕಳು. "ಕೂಡು. ಬಿಸಿಲೇರೂದರೊಳಗ ಒಂದು ಕತಿ ಹೇಳ್ತೀನಿ" ಎಂದು ಗೋಡೆಗೆ ಒರಗಿದಳು.

ಕತೆ ಇದು.

ಒಂದು ಊರು. ಊರ ಮುಂದೆ ಅಗಲವಾದ ಹೊಳೆ. ಹೊಳೆಗೆ ಒಂದೇ ದೋಣಿ, ದೋಣಿಗೆ ಒಬ್ಬನೇ ಅಂಬಿಗ. ಆ ಊರಿನವರು ಹೆಣ್ಣು ತರುತ್ತಿದ್ದದ್ದು ಆಚೆ ದಂಡೆಯ ಊರುಗಳಿಂದ. ಹಾಗಾಗಿ ಸೊಸೆಯರೆಲ್ಲರ ತವರೂ ಆಚೆ ದಂಡೆಯಲ್ಲಿಯೇ ಇತ್ತು. ಮಾಳಿಗೆ ಹತ್ತಿ ನಿಂತರೆ ತವರಿನ ಬೇವಿನ ಮರ ಕಾಣುತ್ತಿತ್ತು. ಕಂಡು ಮಾಡುವುದೇನು, ಇಳಿದು ಬಂದು ರೊಟ್ಟಿ ಬಡಿಯುತ್ತಿದ್ದರು.

ಆ ಊರಲ್ಲಿ ಒಂದು ಪದ್ಧತಿ ಇತ್ತು. ಹೆಣ್ಣುಮಗಳು ದೋಣಿ ಹತ್ತಬೇಕಾದರೆ ಅವಳ ಮನೆಯ ಗಂಡಸೊಬ್ಬ ದಂಡೆಗೆ ಬಂದು "ಹೋಗಿ ಬರ್ಲಿ" ಎನ್ನಬೇಕು. ಆ ಮಾತಿಲ್ಲದೆ ಬಂದವಳನ್ನು ಅಂಬಿಗ ಬೈಯುತ್ತಿರಲಿಲ್ಲ. ಪಾಪ, ಒಳ್ಳೆಯ ಮನುಷ್ಯ. ಹೊಳೆಯ ಕಡೆ ಒಮ್ಮೆ ನೋಡಿ "ಇವತ್ತು ನೀರು ಸರಿ ಇಲ್ಲವ್ವಾ" ಎನ್ನುತ್ತಿದ್ದ. ಹೊಳೆ ಎಳೆಗೂಸಿನಂತೆ ಮಲಗಿದ್ದ ದಿನವೂ ನೀರು ಸರಿ ಇರುತ್ತಿರಲಿಲ್ಲ. ಗಂಡಸೊಬ್ಬ ಬಂದು ಎರಡು ಮಾತು ಆಡಿದ ಕೂಡಲೇ ಸರಿಹೋಗುತ್ತಿತ್ತು.

ಆ ಊರಿಗೆ ಒಬ್ಬಳು ಸೊಸೆಯಾಗಿ ಬಂದಳು. ಬಂದ ಕೆಲವು ವರ್ಷಕ್ಕೆ ಆಚೆ ದಂಡೆಯಲ್ಲಿ ಅವಳ ತಾಯಿ ಹಾಸಿಗೆ ಹಿಡಿದಳು. ಗಂಡ "ನಾಳಿದ್ದು ಕರ್ಕೊಂಡು ಹೋಗ್ತೀನಿ" ಎಂದ. ಅವನೇನು ಕೆಟ್ಟವನಲ್ಲ. ಜೋಳದ ರಾಶಿ ಕಣದಲ್ಲಿತ್ತು. ಆ ನಾಳಿದ್ದು ಬಂದಾಗ ಅದಕ್ಕೂ ಒಂದು ನಾಳಿದ್ದು ಹುಟ್ಟಿಕೊಂಡಿತು. ಒಂದು ಮುಂಜಾನೆ ಅವಳು ಬಟ್ಟೆ ಒಗೆಯುತ್ತ ತಲೆ ಎತ್ತಿದಾಗ ಆಚೆ ದಂಡೆಯಲ್ಲಿ ಹೊಗೆ ಏಳುತ್ತಿತ್ತು. ಅದು ಎಂಥ ಹೊಗೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೈಯಲ್ಲಿದ್ದ ಸೀರೆ ಹೊಳೆಯಲ್ಲಿ ತೇಲಿಹೋಯಿತು.

ಅಂದಿನಿಂದ ಅವಳು ಒಗೆಯಲು ಹೋಗುವಾಗ ಒಂದು ಕೋಲು ಒಯ್ಯತೊಡಗಿದಳು. ಮಂಜು ಮುಸುಕಿದ್ದಾಗ ಕೋಲು ಊರಿ ನೀರಿಗೆ ಇಳಿಯುವಳು. ಒಂದು ದಿನ ನಾಲ್ಕು ಹೆಜ್ಜೆ ಸಿಕ್ಕರೆ ಮರುದಿನ ಎರಡು ಹೆಜ್ಜೆ ಕಳೆದುಹೋಗುತ್ತಿತ್ತು. ಹೊಳೆಯೊಳಗೆ ಎಲ್ಲೋ ಮರಳು ಎತ್ತರಕ್ಕೆ ಬಿದ್ದಿರುತ್ತದೆ, ಅಲ್ಲಿ ನೀರು ಸೊಂಟದ ಮೇಲೆ ಬರುವುದಿಲ್ಲ, ಅದನ್ನು ಹಿಡಿದು ನಡೆದರೆ ದಾಟಬಹುದು. ಒಂದು ದಿನ ಅವಳ ಕಾಲು ಆಚೆ ದಂಡೆಯ ಮರಳು ಹತ್ತಿತು. ಅಲ್ಲಿ ಹೋಗಿ ನೋಡಲು ಅವಳಿಗೆ ಯಾರೂ ಉಳಿದಿರಲಿಲ್ಲ. ದಂಡೆಯ ಮೇಲೆ ಸ್ವಲ್ಪ ಹೊತ್ತು ಕೂತು ಅತ್ತಳು. ಮತ್ತೆ ಅದೇ ದಾರಿಯಲ್ಲಿ ಮರಳಿ ಬಂದು ಒಲೆ ಹಚ್ಚಿದಳು.

ತನಗೆ ದಕ್ಕದ್ದು ಉಳಿದವರಿಗಾದರೂ ದಕ್ಕಲಿ ಎಂದು ಆಮೇಲೆ ಊರಿನ ಹೆಂಗಸರನ್ನು ಕರೆದೊಯ್ಯತೊಡಗಿದಳು. ಮನೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಹೊಳೆಯಿಂದ ಬಂದವಳ ಸೀರೆ ಒದ್ದೆಯಾಗಿದ್ದರೆ ಯಾರು ಯಾಕೆ ಕೇಳುತ್ತಾರೆ?

ಹೋಗುವ ರೀತಿ ಹೀಗಿತ್ತು. ಎದುರಿಗಿದ್ದವರ ಮುಖ ಕಾಣದಷ್ಟು ಮಂಜು ಬಿದ್ದ ಮುಂಜಾನೆ ಅವಳು ಕೋಲು ಹಿಡಿದು ಮುಂದೆ ಇಳಿಯುವಳು. ಅವಳ ಸೆರಗನ್ನು ಒಬ್ಬಳು ಹಿಡಿಯುವಳು, ಆಕೆಯ ಸೆರಗನ್ನು ಇನ್ನೊಬ್ಬಳು. ಹಿಂದಿನವರು ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಕಾಲ ಕೆಳಗೆ ಮರಳು ಜಾರುತ್ತಿತ್ತು, ಸೊಂಟದ ಸುತ್ತ ನೀರು ಸರಿಯುತ್ತಿತ್ತು, ಮೇಲೆ ಕೆಳಗೆ ಎಲ್ಲ ಬಿಳಿ. ಕಣ್ಣು ಬಿಟ್ಟಾಗ ತವರಿನ ದಂಡೆ. ಸಂಜೆ ಮನೆಯಲ್ಲಿ ಹಿಟ್ಟು ನಾದುತ್ತ ಅವರಿಗೇ ಅನುಮಾನ ಬರುತ್ತಿತ್ತು, ಹೋಗಿದ್ದು ನಿಜವೋ ಕನಸೋ ಎಂದು. ಸೆರಗಿನ ತುದಿಯಲ್ಲಿ ತಾಯಿ ಕಟ್ಟಿಕೊಟ್ಟ ಜೋಳದ ಅರಳು ಇರುತ್ತಿತ್ತು. ಅದನ್ನು ಬಾಯಿಗೆ ಹಾಕಿಕೊಂಡು ನಿಜವೇ ಎಂದುಕೊಳ್ಳುತ್ತಿದ್ದರು.

ವರ್ಷಗಳು ಕಳೆದವು. ಅವಳು ಮುದುಕಿಯಾದಳು, ಅವಳಿಗೂ ಸೊಸೆ ಬಂದಳು. ಸೊಸೆಗೆ ಅತ್ತೆಯ ಹಿಂದೆಯೇ ಜಾಗ. ಆ ಸೆರಗಿನ ದಡಿ, ಅದರ ತೇಪೆ, ಅದರ ವಾಸನೆ ಎಲ್ಲ ಅವಳಿಗೆ ಗೊತ್ತಿತ್ತು. ಹೊಳೆ ಮಾತ್ರ ಗೊತ್ತಿರಲಿಲ್ಲ. ಪ್ರತಿ ವರ್ಷ ಮಹಾಪೂರ ಇಳಿದ ಮೇಲೆ ಅತ್ತೆ ಕೆಲವು ದಿನ ಒಬ್ಬಳೇ ಹೊಳೆಗೆ ಹೋಗುತ್ತಿದ್ದಳು, ಯಾರನ್ನೂ ಜೊತೆಗೆ ಕರೆಯುತ್ತಿರಲಿಲ್ಲ. ಅದೇನೋ ವ್ರತ ಇರಬೇಕೆಂದು ಹೆಂಗಸರು ತಿಳಿದಿದ್ದರು.

ಅತ್ತೆಯ ಮೊಣಕಾಲು ನಡುಗುವುದನ್ನು ಸೆರಗು ಹಿಡಿದ ಸೊಸೆಯೇ ಮೊದಲು ಕಂಡಳು. ಮುದುಕಿ ಶಾಶ್ವತವಾಗಿ ಇರುವವಳಲ್ಲ ಎಂದು ಅವಳಿಗೆ ಚಿಂತೆ ಹತ್ತಿತು. ಉಳಿದ ಹೆಂಗಸರೊಂದಿಗೆ ಮಾತಾಡಿದಳು. ಆ ಬೇಸಗೆಯಲ್ಲಿ ಎಲ್ಲರೂ ಸೇರಿ ಜಾಲಿಯ ಗೂಟ ಕಡಿದು ತಂದು, ಅತ್ತೆ ನಡೆಸಿದ ದಾರಿಗುಂಟ ನೆಟ್ಟರು. ಗೂಟದ ತಲೆ ನೀರಿನ ಮೇಲೆ ಕಾಣದಂತೆ, ಕಾಲಿಗೆ ಮಾತ್ರ ಸಿಗುವಂತೆ ಬಡಿದರು. ಇನ್ನು ಈ ದಾರಿ ಎಂದೂ ಕಳೆಯುವುದಿಲ್ಲ ಎಂದು ಹಿಗ್ಗಿದರು. ಮುದುಕಿ ದಂಡೆಯಲ್ಲಿ ಕೂತು ನೋಡುತ್ತಿದ್ದಳು.

"ಗೂಟ ಗಟ್ಟಿ ಅದಾವ" ಎಂದಳು. "ಹೊಳಿ?"

ಮುದುಕಿಗೆ ಅರಳುಮರುಳು ಎಂದು ಎಲ್ಲರೂ ನಕ್ಕರು.

ಮಳೆಗಾಲ ಬಂತು, ಹೊಳೆ ತುಂಬಿತು, ಇಳಿಯಿತು. ಆ ಸಲ ಮುದುಕಿ ಹೊಳೆಗೆ ಹೋಗಲಿಲ್ಲ. ಅವಳಿಗೆ ಮಂಚ ಬಿಟ್ಟು ಏಳಲು ಆಗುತ್ತಿರಲಿಲ್ಲ. ಆಗಲೇ ಆಚೆ ದಂಡೆಯಿಂದ ಸುದ್ದಿ ಬಂತು, ಸೊಸೆಯ ತಾಯಿ ಹಾಸಿಗೆ ಹಿಡಿದಿದ್ದಾಳೆ, ಮಗಳ ಹೆಸರು ಹೇಳುತ್ತಿದ್ದಾಳೆ ಎಂದು. ಸೊಸೆ ಗಂಡನ ಮುಂದೆ ನಿಂತಳು.

"ಬಿತ್ತಿಗಿ ಮುಗೀಲಿ. ನಾಳಿದ್ದು ಕರ್ಕೊಂಡು ಹೋಗ್ತೀನಿ" ಎಂದ ಗಂಡ.

ಮಂಚದ ಮೇಲಿದ್ದ ಮುದುಕಿ ಆ ಮಾತು ಕೇಳಿ ಗೋಡೆಯ ಕಡೆ ತಿರುಗಿ ಮಲಗಿದಳು.

ಮರುದಿನ ಮಂಜಿನಲ್ಲಿ ಸೊಸೆ ಒಬ್ಬಳೇ ಹೊಳೆಗೆ ಇಳಿದಳು. ಮೊದಲ ಗೂಟ ಕಾಲಿಗೆ ತಗುಲಿತು. ಎರಡನೆಯದೂ ಇತ್ತು. ನೆಟ್ಟದ್ದು ನೆಟ್ಟಲ್ಲೇ ಇದೆ ಎಂದು ಅವಳಿಗೆ ಧೈರ್ಯ ಬಂತು, ಹೆಜ್ಜೆ ಬೇಗ ಬೇಗ ಹಾಕಿದಳು. ನಡುಹೊಳೆಯಲ್ಲಿ ಒಂದು ಗೂಟಕ್ಕೂ ಇನ್ನೊಂದು ಗೂಟಕ್ಕೂ ನಡುವೆ ನೆಲವೇ ಇರಲಿಲ್ಲ. ಅವಳು ಮುಳುಗಿದಳು. ಮೂಗು ಬಾಯಿಗೆಲ್ಲ ನೀರು ನುಗ್ಗಿತು. ಕೈಗೆ ಸಿಕ್ಕಿದ ಹಿಂದಿನ ಗೂಟ ಹಿಡಿದು, ಹೇಗೋ ತೆವಳಿ, ಬಂದ ದಂಡೆಗೇ ಮರಳಿ ಬಿದ್ದಳು.

ತೊಯ್ದ ಸೀರೆಯಲ್ಲೇ ಅತ್ತೆಯ ಮಂಚದ ಮುಂದೆ ಬಂದು ನಿಂತಳು.

"ಅತ್ತಿ, ದಾರಿ ಎಲ್ಲೈತಿ ಹೇಳ್ರಿ."

"ನನಗ ಗೊತ್ತಿಲ್ಲ."

ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಉಗ್ರಾಣದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಂತೆ ಮುದುಕಿ ಇದನ್ನೂ ಬಚ್ಚಿಟ್ಟುಕೊಂಡಿದ್ದಾಳೆ ಎಂದುಕೊಂಡಳು. "ಇಷ್ಟು ವರ್ಷ ನಡದೀರಿ, ನಮ್ಮನ್ನೂ ನಡಸೀರಿ. ಈಗ ಗೊತ್ತಿಲ್ಲ ಅಂತೀರಲ್ಲ! ಅಲ್ಲಿ ನಮ್ಮವ್ವ ಸಾಯಾಕತ್ತಾಳ" ಎಂದು ಕೂಗಿದಳು.

ಮುದುಕಿಗೆ ಸಿಟ್ಟು ಬರಲಿಲ್ಲ. "ನನಗ ಗೊತ್ತಿದ್ದದ್ದು ಹೋದ ವರ್ಷದ ದಾರಿ. ಪ್ರತಿ ಮಳಿಗಾಲಕ್ಕ ಹೊಳಿ ತನ್ನ ಮರಳು ಎತ್ತಿ ಬ್ಯಾರೆ ಕಡೆ ಇಡತೈತಿ. ನಾ ವರ್ಷಾ ಹೋಗಿ ಹುಡುಕ್ತಿದ್ದೆ. ಈ ವರ್ಷ ಹುಡುಕಿಲ್ಲ" ಎಂದಳು. ಆಮೇಲೆ ಮಂಚದ ಕೆಳಗೆ ಕೈ ಹಾಕಿ ಕೋಲು ತೆಗೆದಳು. "ನನ್ನ ಎತ್ಕೊಂಡು ದಂಡಿಗೆ ನಡಿ."

ಸೊಸೆ ಅತ್ತೆಯನ್ನು ಬೆನ್ನ ಮೇಲೆ ಹೊತ್ತಳು. ಇಷ್ಟು ಹಗುರಾಗಿದ್ದಾಳೆಯೇ ಎಂದು ಅವಳಿಗೆ ಅಳು ಬಂತು. ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಕೋಲು ಹಿಡಿದು ನೀರಿಗೆ ಇಳಿದಳು. ಮುಖ ಮಂಜಿನಾಚೆ ತವರಿನ ಬೇವಿನ ಮರ ಇರುವ ಕಡೆಗೇ ಇತ್ತು.

"ಅತ್ಲಾಗ ನೋಡಬ್ಯಾಡ" ಎಂದು ಮುದುಕಿ ಕಲ್ಲಿನ ಮೇಲಿನಿಂದ ಹೇಳಿದಳು. "ನೀರು ಬರೂ ಕಡೆ ಮಾರಿ ಮಾಡು. ಕಾಲು ಎತ್ತಬ್ಯಾಡ, ಮರಳಮ್ಯಾಲೆ ಎಳಕೋತ ಹೋಗು. ಗುಳುಗುಳು ಸಪ್ಪಳ ಮಾಡೂ ನೀರಿಗೆ ಅಂಜಬ್ಯಾಡ, ಅಲ್ಲಿ ನೆಲ ಹತ್ರ ಇರತೈತಿ. ನುಣ್ಣಗ, ಸುಮ್ಮನ, ಚಂದಾಗಿ ಕಾಣೂ ನೀರು ಬಂತಂದ್ರ ಅಲ್ಲಿ ಮೊದಲು ಕೋಲು ಇಡು."

ಇಲ್ಲಿಗೆ ಬಂದಾಗ ನಿಂಬವ್ವ ತಟ್ಟನೆ ತಲೆ ಎತ್ತಿದಳು. ಯಾರೂ ಬೈಯದ ಮನೆಯಲ್ಲಿ ಉಸಿರು ಕಟ್ಟಿ ಕೂತ ಆ ಹುಡುಗಿಯ ಮುಖ ಅವಳ ಕಣ್ಣ ಮುಂದೆ ಬಂತು. ಗುರುತಾಯಿ ಅವಳ ಕಡೆ ನೋಡದೆ ಕತೆ ಮುಂದುವರಿಸಿದಳು.

ಸೊಸೆ ನಡೆದಳು. ಹಿಡಿಯಲು ಮುಂದೆ ಸೆರಗಿರಲಿಲ್ಲ. ರೂಢಿಯ ಬಲದಿಂದ ಅವಳ ಎಡಗೈ ಮತ್ತೆ ಮತ್ತೆ ತೆರೆದುಕೊಂಡು ಬರಿಯ ಮಂಜನ್ನು ಹಿಡಿಯುತ್ತಿತ್ತು. ಒಂದು ಕಡೆ ಎದೆಮಟ್ಟ ನೀರು ಬಂತು, ಹಿಂದೆ ಸರಿದಳು. ಇನ್ನೊಂದು ಕಡೆ ಮರಳು ಅಂಬಲಿಯಂತೆ ಕುಸಿಯಿತು, ಅಲ್ಲಿಂದಲೂ ಸರಿದಳು. ಬಿಸಿಲು ಬಿತ್ತು, ಮಂಜು ಹರಿಯಿತು. ಒಗೆಯಲು ಬಂದ ಹೆಂಗಸರು ಅವಳನ್ನು ಕಂಡರು. ದಾರಿಹೋಕರ ಕಣ್ಣು ಹೊಳೆಯ ಕಡೆ ಹೊರಳದಿರಲೆಂದು ದಂಡೆಯುದ್ದಕ್ಕೂ ಸಾಲಾಗಿ ಸೀರೆ ಹಿಡಿದು ಒಣಗಿಸುವವರಂತೆ ನಿಂತರು. ಕೊನೆಗೆ ಅವಳ ಕಾಲ ಕೆಳಗೆ ಗಟ್ಟಿ ಮರಳು ಏರತೊಡಗಿತು. ಗೂಟಗಳ ಸಾಲಿನಿಂದ ಅದು ಬಹಳ ದೂರ ಇತ್ತು.

ತಾಯಿ ಇನ್ನೂ ಜೀವ ಹಿಡಿದಿದ್ದಳು. ಕಣ್ಣು ಕಾಣದ ಆಕೆ ಮಗಳ ಸೀರೆಯನ್ನು ತಡವಿ ನೋಡಿದಳು.

"ನೀ ದೋಣ್ಯಾಗ ಬಂದಿಲ್ಲ" ಎಂದಳು.

"ಇಲ್ಲವ್ವಾ. ನಡಕೋತ ಬಂದೆ."

ತಾಯಿಯ ಮುಖದಲ್ಲಿ ನಗು ಮೂಡಿತು. "ನನಗ ಯಾರೂ ಕಲಿಸಲಿಲ್ಲ ನೋಡು" ಎಂದು, ಮಗಳ ಕೈಯಿಂದ ಎರಡು ಗುಟುಕು ಗಂಜಿ ಕುಡಿದಳು.

ಮರಳಿ ಬಂದ ಸೊಸೆ ಮಾಡಿದ ಮೊದಲ ಕೆಲಸ ಗೂಟಗಳನ್ನು ಕಿತ್ತದ್ದು. ಒಣಗಿಸಿ ಒಲೆಗೆ ಹಾಕಿ, ಅತ್ತೆಗೆ ಬಿಸಿನೀರು ಕಾಯಿಸಿ ಎರೆದಳು. ಜಾಲಿ ಚೆನ್ನಾಗಿ ಉರಿಯಿತು.

ಮುದುಕಿ ತೀರಿಹೋದಳು. ಸೊಸೆಯ ತಲೆಯೂ ಬೆಳ್ಳಗಾಯಿತು. ಪ್ರತಿ ವರ್ಷ ಹೊಳೆ ಇಳಿದ ಮೇಲೆ ಅವಳು ಒಬ್ಬ ಹುಡುಗಿಯನ್ನು ದಂಡೆಗೆ ಕರೆದುಕೊಂಡು ಹೋಗುತ್ತಿದ್ದಳು. ಹುಡುಗಿ ದಾರಿ ಎಲ್ಲಿ ಎಂದು ಕೇಳುವಳು. ಗೊತ್ತಿಲ್ಲ ಎಂದು ಇವಳು ಕೋಲು ಕೊಡುವಳು. ಹುಡುಗಿಗೆ ಸಿಟ್ಟು ಬರುವುದು, ತನಗೆ ಬಂದಿದ್ದಂತೆಯೇ. ಆಮೇಲೆ ಹುಡುಗಿ ಮುಂದೆ ನಡೆಯುವಳು. ಇವಳು ಅತ್ತೆಯಂತೆ ದಂಡೆಯಲ್ಲಿ ಕೂರುತ್ತಿರಲಿಲ್ಲ. ಹುಡುಗಿಯ ಸೆರಗು ಹಿಡಿದು ತಾನೂ ನೀರಿಗೆ ಇಳಿಯುತ್ತಿದ್ದಳು.

ಒಂದು ವರ್ಷ ಅವಳ ಮೊಮ್ಮಗಳ ಸರದಿ ಬಂತು. ಇಬ್ಬರೂ ನಡುಹೊಳೆಯಲ್ಲಿದ್ದರು. ಎಂದಿನಂತೆ ಮಂಜು ಉಳಿಯಲಿಲ್ಲ, ಒಮ್ಮೆಲೇ ಹರಿದುಬಿಟ್ಟಿತು. ನೋಡಿದರೆ ಸ್ವಲ್ಪ ದೂರದಲ್ಲಿ ದೋಣಿ. ದೋಣಿಯ ತುಂಬ ಊರಿನ ಹಿರಿಯರು, ರುಮಾಲು ಸುತ್ತಿಕೊಂಡು ಯಾವುದೋ ಮದುವೆ ಮಾತುಕತೆಗೆ ಹೊರಟವರು. ದೋಣಿ ಹೊಸ ಮರಳಿನ ದಿಬ್ಬ ಹತ್ತಿ ಕೂತಿತ್ತು. ಹಳೆಯ ಅಂಬಿಗನ ಮೊಮ್ಮಗನೇ ಈಗಿನ ಅಂಬಿಗ. ಅವನು ಬಿದಿರಿನ ಗಳ ಊರಿ ತಳ್ಳುತ್ತಿದ್ದ, ಅದು ಅಲುಗುತ್ತಿರಲಿಲ್ಲ. ಹಿರಿಯರು ಒಬ್ಬರಿಗೊಬ್ಬರು ಬುದ್ಧಿ ಹೇಳುತ್ತಿದ್ದರು.

ಅಜ್ಜಿ ಹುಡುಗಿಯ ಸೆರಗು ಹಿಡಿದು ಹಿಂದಕ್ಕೆ ಎಳೆದಳು. "ತಿರುಗು. ನೋಡ್ತಾರ."

"ನೋಡ್ಲಿ ಬಿಡಜ್ಜಿ" ಎಂದಳು ಹುಡುಗಿ. ಸೆರಗು ಅಜ್ಜಿಯ ಕೈಯಿಂದ ಜಾರಿತು. ಹುಡುಗಿ ನೆಟ್ಟಗೆ ದೋಣಿಯ ಕಡೆ ನಡೆದಳು, ಕೋಲಿನಿಂದ ನೀರು ತಡವಿ ನೋಡಿ, "ಇತ್ಲಾಗ ಆಳ ಐತಿ, ಈ ಕಡೆ ತಳ್ಳು" ಎಂದು ತೋರಿಸಿದಳು. ಅಂಬಿಗ ತಳ್ಳಿದ. ದೋಣಿ ಸರಿಯಿತು.

ಸೊಂಟಮಟ್ಟದ ನೀರಲ್ಲಿ ನಿಂತ ಹುಡುಗಿಯನ್ನು ಅಂಬಿಗ ಬೆರಗಾಗಿ ನೋಡಿದ. "ಯಾರ ಮನಿ ಹುಡುಗಿಬೇ ನೀನು? ಹೊಳ್ಯಾಗ ಹಿಂಗ ಬರಾಕ ನಿನಗ ಯಾರು ಹೇಳಿದ್ರು?"

"ಇವತ್ತು ನೀರು ಸರಿ ಐತಿ ಕಾಕಾ" ಎಂದಳು ಅವಳು.

ದೋಣಿಯಲ್ಲಿದ್ದ ಹಿರಿಯರು ರುಮಾಲು ಸರಿಮಾಡಿಕೊಂಡರು. ಅಂಬಿಗ ತಲೆ ತಗ್ಗಿಸಿ ಗಳ ಹಾಕಿದ.

ಅಜ್ಜಿ ನಡುಹೊಳೆಯಲ್ಲಿ ಬರಿಗೈಯಲ್ಲಿ ನಿಂತಿದ್ದಳು. ಅವಳಿಗೆ ಸಿಟ್ಟೂ ಬಂತು, ಭಯವೂ ಆಯಿತು. ಅತ್ತೆಯ ಕಾಲದಿಂದ ಮಂಜಿನಲ್ಲಿ ಮುಚ್ಚಿಟ್ಟು ಕಾಪಾಡಿದ್ದನ್ನು ಈ ಹುಡುಗಿ ಬಿಸಿಲಿಗೆ ಹರಡಿಬಿಟ್ಟಳು. ಇನ್ನು ಹೊಳೆಗೆ ಹೋಗುವುದನ್ನೇ ಬಂದ್ ಮಾಡಿದರೆ? ಯಾರ ಗತಿ ಏನು? ಇದನ್ನು ನಾನು ಕಲಿಸಿರಲಿಲ್ಲ, ಇದು ನಮ್ಮ ದಾರಿಯಲ್ಲ ಎಂದುಕೊಂಡಳು. ಕೂಗಿ ಬೈಯಬೇಕೆಂದು ಬಾಯಿ ತೆರೆದಳು. ಆಗ ಹುಡುಗಿಯ ನಡಿಗೆ ಅವಳ ಕಣ್ಣಿಗೆ ಬಿತ್ತು. ಹುಡುಗಿ ನೀರು ಬರುವ ಕಡೆ ಮುಖ ಮಾಡಿದ್ದಳು. ಕಾಲು ಎತ್ತದೆ ಮರಳ ಮೇಲೆ ಎಳೆಯುತ್ತಿದ್ದಳು. ದೋಣಿಯ ಪಕ್ಕದ ನುಣ್ಣನೆಯ ನೀರಿಗೆ ಮೊದಲು ಕೋಲು ಇಟ್ಟಿದ್ದಳು.

ಅಜ್ಜಿ ಬಾಯಿ ಮುಚ್ಚಿದಳು. ನಿಧಾನವಾಗಿ ನಡೆದು ಹುಡುಗಿಯ ಹಿಂದೆ ಬಂದು ನಿಂತಳು. ತೇಲುತ್ತಿದ್ದ ಸೆರಗನ್ನು ಮತ್ತೆ ಕೈಗೆ ತೆಗೆದುಕೊಂಡಳು. ಈ ಸಲ ಎಳೆಯಲಿಲ್ಲ.

ಹೊಳೆಗೆ ಹೋಗುವುದನ್ನು ಬಂದ್ ಮಾಡಬೇಕೆಂದು ಊರಲ್ಲಿ ಒಂದೆರಡು ದಿನ ಮಾತು ಎದ್ದಿತು. ಮನೆಯ ಬಟ್ಟೆ ಯಾರು ಒಗೆಯಬೇಕು ಎಂದು ಯಾರೋ ಕೇಳಿದರು, ಅಲ್ಲಿಗೆ ಮಾತು ನಿಂತಿತು. ಆಮೇಲೊಂದು ದಿನ ಒಬ್ಬ ಸೊಸೆ ಒಬ್ಬಳೇ ದಂಡೆಗೆ ಬಂದಳು. ಅಂಬಿಗ ರೂಢಿಯಂತೆ ಹೊಳೆಯ ಕಡೆ ನೋಡಿದ. ಏನೋ ಹೇಳಲು ಹೋದ, ಹುಡುಗಿಯ ಮಾತು ನೆನಪಾಯಿತು, ಸುಮ್ಮನೆ ಸರಿದು ದೋಣಿಯಲ್ಲಿ ಜಾಗ ಬಿಟ್ಟ.

ಕತೆ ಮುಗಿಯಿತು. ಹೊರಗೆ ಬೆಳಕು ಹರಿದಿತ್ತು. ಮಠದ ಅಂಗಳದಲ್ಲಿ ಯಾರೋ ಕಸ ಗುಡಿಸುತ್ತಿದ್ದರು. ನಿಂಬವ್ವ ಇನ್ನೂ ಅದೇ ಹೊಳೆಯ ಮಂಜಿನಲ್ಲಿ ಇದ್ದಂತೆ ಕೂತಿದ್ದಳು. ಆಮೇಲೆ ಎದ್ದು ಗಂಟು ತೆಗೆದುಕೊಂಡಳು. ಬಾಗಿಲವರೆಗೆ ಹೋಗಿ ನಿಂತಳು.

"ಯವ್ವಾ, ಕತಿ ತಿಳೀತು. ಆದ್ರ ಆ ಹುಡುಗಿ ಅಲ್ಲಿ ಕಾಯಾಕತ್ತಾಳ. ಅವಳ ದಾರಿ ಎಲ್ಲೈತಿ, ಅಷ್ಟರ ಹೇಳ್ರಿ" ಎಂದಳು.

ಗುರುತಾಯಿ ಗೋಡೆ ಹಿಡಿದು ಎದ್ದಳು. ಮೆಲ್ಲಗೆ ಬಂದು ನಿಂಬವ್ವನ ಬೆನ್ನ ಹಿಂದೆ ನಿಂತಳು.

"ನನಗೂ ಗೊತ್ತಿಲ್ಲ ಮಗಳ, ನೀ ಮುಂದ ನಡಿ, ಸೆರಗು ನಾ ಹಿಡಿತೀನಿ."

ನಿಂಬವ್ವ ಸೆರಗನ್ನು ಹಿಂದಕ್ಕೆ ಬಿಟ್ಟು ಹೊಸ್ತಿಲು ದಾಟಿದಳು.